‘ಪ್ರೊರೋಗ್’ ಎಂದರೆ ಸರ್ಕಾರ ಬಿದ್ದಿತೆಂದೇ? ವಕೀಲರಿಗೆ ಪ್ರಶ್ನೆಗಳು

ವಿರಾಜಪೇಟೆ ಸದಸ್ಯ: ವಕೀಲರೇ, ನಮಸ್ಕಾರ. ನಮ್ಮ ಅಜ್ಜನ 1954ರ ದಿನಚರಿಯಲ್ಲಿ ‘ಅಸೆಂಬ್ಲಿ ಪ್ರೊರೋಗ್ ಆಯಿತು’ ಎಂದಿದೆ. ಅಂದು ಕೊಡಗಿನ ಸರ್ಕಾರ ಬಿದ್ದಿತೆಂದು ದೊಡ್ಡಪ್ಪನವರು ನಮ್ಮ ಒಕ್ಕದ (ಮನೆತನದ) ಚರಿತ್ರೆಯಲ್ಲಿ ಬರೆದಿದ್ದಾರೆ. ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಇದು ಸರಿಯೇ?

ವಕೀಲರು: ದಯವಿಟ್ಟು ಅಚ್ಚು ನಿಲ್ಲಿಸಿ. ಕಲಾಪವನ್ನು ಮುಂದೂಡುವವರು ಸಭಾಧ್ಯಕ್ಷರು. ಅಧಿವೇಶನವನ್ನೇ ಮುಕ್ತಾಯಗೊಳಿಸುವುದು ಪ್ರೊರೋಗ್, ಇಂದು ರಾಜ್ಯಗಳಲ್ಲಿ ಸಂವಿಧಾನದ 174ನೆಯ ವಿಧಿಯಂತೆ ಅದು ರಾಜ್ಯಪಾಲರ ಹೆಸರಿನಲ್ಲಿ ನಡೆಯುತ್ತದೆ. ವಿಧಾನಸಭೆಯ ಆಯುಷ್ಯವನ್ನೇ ಮುಗಿಸುವುದು ವಿಸರ್ಜನೆ. ಅಜ್ಜನವರು ಬರೆದದ್ದು ಎರಡನೆಯದನ್ನು, ದೊಡ್ಡಪ್ಪನವರು ಓದಿಕೊಂಡದ್ದು ಮೂರನೆಯದನ್ನು. 24 ಸದಸ್ಯರ ಕೊಡಗು ವಿಧಾನಸಭೆ 1952ರಲ್ಲಿ ಆಯ್ಕೆಯಾಗಿ, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಇತ್ತು. ಅಷ್ಟೂ ಕಾಲ ಸಿ.ಎಂ. ಪೂಣಚ್ಚನವರೇ ಮುಖ್ಯಮಂತ್ರಿ. ಕಾಫಿ ಕೊಯ್ಲು ಮುಗಿಯಿತೆಂದು ಬರೆದಿಟ್ಟದ್ದನ್ನು ತೋಟವನ್ನೇ ಕಡಿದರೆಂದು ಓದಿದಂತಾಗಿದೆ. ಮೂಲ ಲ್ಯಾಟಿನ್ನಿನಲ್ಲಂತೂ ಈ ಪದಕ್ಕೆ ‘ಮುಂದುವರಿಸು’ ಎಂಬ ಅರ್ಥವಿದ್ದು, ದಂಡಯಾತ್ರೆಯಲ್ಲಿರುವ ಅಧಿಕಾರಿಯ ಅವಧಿಯನ್ನು ವಿಸ್ತರಿಸುವುದಕ್ಕೆ ರೋಮನ್ನರು ಅದನ್ನು ಬಳಸುತ್ತಿದ್ದರು.

ಗೋಣಿಕೊಪ್ಪ ಸದಸ್ಯ: ‘ಅಧಿವೇಶನ ಪ್ರೊರೋಗ್ ಆದ ಕೂಡಲೇ ಬಾಕಿ ಮಸೂದೆಗಳೆಲ್ಲ ರದ್ದು, ಎಲ್ಲರಿಗೂ ಹಂಚಿ’ ಎಂಬ ಸಂದೇಶ ಬಂದಿದೆ. ನಿಜವೇ?

ವಕೀಲರು: ಸುಳ್ಳು. 196(3)ನೆಯ ವಿಧಿ ಅದಕ್ಕೆ ನೇರವಾಗಿ ವಿರುದ್ಧವಾಗಿದೆ. ಲೋಕಸಭೆಯಲ್ಲಿ ಬಿದ್ದುಹೋಗುವುದು ಬಾಕಿ ಸೂಚನಾಪತ್ರಗಳು, ಅದರಲ್ಲಿಯೂ ಮಸೂದೆ ಮಂಡನೆಯ ಸೂಚನೆ ಉಳಿಯುತ್ತದೆ. ಅರ್ಧ ಓದಿದವರು ಬರೆದದ್ದನ್ನು ಓದದೆಯೇ ಹಂಚಬೇಡಿ.

ಕುಶಾಲನಗರ ಸದಸ್ಯ: ಲಂಡನ್ನಿನಲ್ಲಿ 2019ರಲ್ಲಿ ಸಂಸತ್ತನ್ನು ಪ್ರೊರೋಗ್ ಮಾಡಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ ಕಾನೂನುಬಾಹಿರ ಎಂದಿತು. ಆದ್ದರಿಂದ ಇದು ಬರೀ ಕಾಫಿ ಕೊಯ್ಲಿನಂತಹ ಮಾತಲ್ಲ.

ಗೋಣಿಕೊಪ್ಪ ಸದಸ್ಯ: ಮಡಿಕೇರಿಯ ವಿಷಯಕ್ಕೆ ಲಂಡನ್ ಏಕೆ?

ಕುಶಾಲನಗರ ಸದಸ್ಯ: ಪದ್ಧತಿ ಬಂದದ್ದೇ ಅಲ್ಲಿಂದ. ಸೆಪ್ಟೆಂಬರ್ 24ರ ಆ ತೀರ್ಪನ್ನು 11 ನ್ಯಾಯಾಧೀಶರು ಒಮ್ಮತದಿಂದ ಕೊಟ್ಟರು. ಸಂದೇಶ ಹಂಚುವ ಬಿಡುವಿನಲ್ಲಿ ಅದನ್ನೂ ಓದಬಹುದಿತ್ತು.

ಗೋಣಿಕೊಪ್ಪ ಸದಸ್ಯ: ತಾವು ಓದಿದವರು, ತಾವೇ ಉತ್ತರ ಕೊಡಿ; ವಕೀಲರೇಕೆ?

ಸೋಮವಾರಪೇಟೆ ಸದಸ್ಯ: ನಮ್ಮ ಸಹಕಾರ ಸಂಘದ ಮಹಾಸಭೆಯನ್ನು ಅಧ್ಯಕ್ಷರು ಪ್ರೊರೋಗ್ ಮಾಡಬಹುದೇ?

ನಾಪೋಕ್ಲು ಸದಸ್ಯ: ಹಾಗಾದರೆ ಮಸೂದೆಗಳು ರದ್ದಾಗುತ್ತವೆಯೇ?

ವಕೀಲರು: ಮೇಲೆ ಉತ್ತರವಿದೆ.

ವಿರಾಜಪೇಟೆ ಸದಸ್ಯ: ದೊಡ್ಡಪ್ಪನವರು ಒಪ್ಪುತ್ತಿಲ್ಲ. ಪದದಲ್ಲಿಯೇ ‘ರೋಗ’ವಿರುವಾಗ ಸರ್ಕಾರ ಉಳಿಯುವುದೆಂತು ಎನ್ನುತ್ತಾರೆ.

ವಕೀಲರು: ಆ ಪುಟದ ಕರಡನ್ನು ಕಳುಹಿಸಿ, ತಿದ್ದಿಕೊಡುತ್ತೇನೆ. ದೊಡ್ಡಪ್ಪನವರ ವ್ಯುತ್ಪತ್ತಿಗಳನ್ನು ಮಾತ್ರ ಕಳುಹಿಸಬೇಡಿ.