ಬಿಎಫ್‌ಡಿ ಹಾಕಿದ ಮೇಲೂ ಓಎಸ್‌ಪಿಎಫ್ ನೆರೆ ಬೀಳಲು 40 ಸೆಕೆಂಡ್ ಏಕೆ?

ಒಂಟಿಕೊಪ್ಪಲಿನವ

ನಮ್ಮ ಮೈಸೂರು ಕಚೇರಿಗೂ ಮಂಡ್ಯದ ಶಾಖೆಗೂ ನಡುವೆ ಬಾಡಿಗೆಯ ಫೈಬರ್ ಒಂದು, ನಿಧಾನಗತಿಯ ರೇಡಿಯೋ ಲಿಂಕ್ ಒಂದು ಇದ್ದು, ಎರಡರ ಮೇಲೂ ಓಎಸ್‌ಪಿಎಫ್ (ರೌಟರ್‌ಗಳು ತಮ್ಮೊಳಗೇ ಮಾತಾಡಿಕೊಂಡು ದಾರಿ ಆರಿಸುವ ಪ್ರೊಟೊಕಾಲ್) ನಡೆಯುತ್ತಿದೆ. ಫೈಬರ್ ಹಾದಿಯಲ್ಲಿ ಸೇವಾದಾರರ ಸ್ವಿಚ್‌ಗಳಿರುವುದರಿಂದ, ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಯಾರಾದರೂ ರಸ್ತೆ ಅಗೆದು ಕೇಬಲ್ ತುಂಡಾದರೂ ನಮ್ಮ ಎರಡೂ ತುದಿಯ ಪೋರ್ಟ್‌ಗಳಲ್ಲಿ ಹಸಿರು ದೀಪ ಉರಿಯುತ್ತಲೇ ಇರುತ್ತದೆ. 10 ಸೆಕೆಂಡಿಗೊಮ್ಮೆ ‘ಹಲೋ’ ಪ್ಯಾಕೆಟ್, 40 ಸೆಕೆಂಡ್ ಅದು ಬಾರದಿದ್ದರೆ ನೆರೆ (ಎದುರು ತುದಿಯ ರೌಟರ್) ‘ಡೆಡ್’ ಎಂಬ ಮೂಲ ಅವಧಿಗಳನ್ನು ನಾವು ಬದಲಿಸಿಲ್ಲ. ದಾರಿ ರೇಡಿಯೋ ಲಿಂಕಿಗೆ ಹೊರಳುವವರೆಗೆ ಅಷ್ಟು ಹೊತ್ತೂ ಮಂಡ್ಯದ ಬಿಲ್ಲಿಂಗ್ ಕೌಂಟರ್ ಸ್ತಬ್ಧ.

ಕಳೆದ ವಾರ ಎರಡೂ ರೌಟರ್‌ಗಳ ಫೈಬರ್ ಇಂಟರ್‌ಫೇಸ್‌ಗೆ 50 ಮಿಲಿಸೆಕೆಂಡ್, ಮಲ್ಟಿಪ್ಲೈಯರ್ 3 (50 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಸತತ 3 ತಪ್ಪಿದರೆ ಬಿದ್ದಂತೆ) ಎಂದು ಬಿಎಫ್‌ಡಿ, ಅಂದರೆ ಲಿಂಕ್ ಬಿದ್ದದ್ದನ್ನು ಬೇಗ ಪತ್ತೆಹಚ್ಚುವ ಪ್ರೊಟೊಕಾಲ್, ಹಾಕಿದೆ. ಓಎಸ್‌ಪಿಎಫ್ ನೆರೆ ‘ಫುಲ್’ (ನೆರೆಸಂಬಂಧ ಪೂರ್ಣ) ಎಂದೇ ತೋರಿಸುತ್ತಿದೆ. ಆದರೂ ನಿನ್ನೆ ಸೇವಾದಾರರು ಪರೀಕ್ಷೆಗೆಂದು ನಡುವಿನ ಕೊಂಡಿ ಕಳಚಿದಾಗ ಹತ್ತಿರಹತ್ತಿರ 40 ಸೆಕೆಂಡೇ ಹಿಡಿಯಿತು. ಇದನ್ನು ಬಿಟ್ಟು ಹಲೋ ಅವಧಿಯನ್ನೇ 1 ಸೆಕೆಂಡಿಗೆ ಇಳಿಸುವುದು ಲೇಸೇ?

ಸಕ್ಕರೆನಾಡು

ನೆರೆ ‘ಫುಲ್’ ಇರುವುದರಿಂದ ಬಿಎಫ್‌ಡಿ ಕೆಲಸ ಮಾಡುತ್ತಿದೆ ಎಂದು ಹೇಳಲಾಗದು, ಸರ್. ಸಾಮಾನ್ಯವಾಗಿ ಓಎಸ್‌ಪಿಎಫ್ ಮೊದಲು ತಾನೇ ನೆರೆಯನ್ನು ಕಂಡುಕೊಂಡು, ಆಮೇಲೆ ಆ ವಿಳಾಸಕ್ಕೆ ಸೆಷನ್ ತೆರೆಯುವಂತೆ ಬಿಎಫ್‌ಡಿಗೆ ಹೇಳುತ್ತದೆ. ಆ ಸೆಷನ್ ಒಮ್ಮೆಯಾದರೂ ‘ಅಪ್’ ಆಗಿ ಬಳಿಕ ಬಿದ್ದರೆ ಮಾತ್ರ ನೆರೆಯನ್ನು ಕೈಬಿಡುತ್ತದೆ. ಮೊದಲಿನಿಂದಲೂ ಏಳದೇ ಇದ್ದರೆ ಸುಮ್ಮನಿರುತ್ತದೆ. ಹಾಗಿಲ್ಲದಿದ್ದರೆ ಒಂದು ತುದಿಯಲ್ಲಿ ಬಿಎಫ್‌ಡಿ ಹಾಕಿದ ತಕ್ಷಣ ನಡೆಯುತ್ತಿದ್ದ ಲಿಂಕೇ ಬಿದ್ದುಹೋಗುತ್ತಿತ್ತು. ಎರಡೂ ತುದಿಯಲ್ಲಿ ಬಿಎಫ್‌ಡಿ ಸೆಷನ್ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ ತಿಳಿಸಿ.

ಒಂಟಿಕೊಪ್ಪಲಿನವ

ಮಂಡ್ಯದಲ್ಲಿ ‘ಡೌನ್’, ಮೈಸೂರಿನಲ್ಲಿ ‘ಇನಿಟ್’.

ಸಕ್ಕರೆನಾಡು

ಹಾಗಾದರೆ ತೊಂದರೆ ಮಂಡ್ಯದ ಬಾಗಿಲಲ್ಲೇ ಇದೆ. ಎದುರಿನವರ ‘ಡೌನ್’ ಪ್ಯಾಕೆಟ್ ಕೈಸೇರಿದವರು ‘ಇನಿಟ್’ಗೆ ಏರುತ್ತಾರೆ, ಏನೂ ಕೇಳಿಸದವರು ‘ಡೌನ್’ನಲ್ಲೇ ಉಳಿಯುತ್ತಾರೆ. ಅಂದರೆ ಮಂಡ್ಯದ ಮಾತು ಮೈಸೂರಿಗೆ ಕೇಳುತ್ತಿದೆ, ಮೈಸೂರಿನದು ಮಂಡ್ಯಕ್ಕೆ ಕೇಳುತ್ತಿಲ್ಲ. ಮಂಡ್ಯ ರೌಟರಿನ ಒಳಬರುವ ಆ್ಯಕ್ಸೆಸ್ ಲಿಸ್ಟ್ (ಯಾವ ಪ್ಯಾಕೆಟ್ ಒಳಬಿಡಬೇಕೆಂಬ ಪಟ್ಟಿ) ತೆರೆದು ನೋಡಿ. ಓಎಸ್‌ಪಿಎಫ್ ಐಪಿ ಪ್ರೊಟೊಕಾಲ್ 89ರಲ್ಲಿ ಬರುತ್ತದೆ, ಬಿಎಫ್‌ಡಿ ಯುಡಿಪಿ ಪೋರ್ಟ್ 3784ರಲ್ಲಿ ಬರುತ್ತದೆ. ಮೊದಲನೆಯದಕ್ಕೆ ಅನುಮತಿ ಬರೆದವರು ಎರಡನೆಯದನ್ನು ಮರೆಯುವುದು ಹೊಸತೇನಲ್ಲ, ನಾನೂ ಮರೆತಿದ್ದೇನೆ.

ಒಂಟಿಕೊಪ್ಪಲಿನವ

ತಾವು ಹೇಳಿದ್ದೇ ನಿಜವಾಯಿತು. ಪಟ್ಟಿಯ ಕೊನೆಯ ನಿರಾಕರಣೆಯ ಸಾಲಿನ ಎಣಿಕೆ ಸೆಕೆಂಡಿಗೊಂದರಂತೆ ಏರುತ್ತಿತ್ತು. 3784ಕ್ಕೆ ಅನುಮತಿ ಕೊಟ್ಟೊಡನೆ ಸೆಷನ್ ಎದ್ದಿತು. ಆದರೆ ಈಗ ಹೊಸ ತಲೆನೋವು: ರಾತ್ರಿ ಬ್ಯಾಕಪ್ ಶುರುವಾದಾಗಲೆಲ್ಲ ಕೇಬಲ್ ಸರಿಯಿದ್ದರೂ ನೆರೆ ಬಿದ್ದು ಏಳುತ್ತಿದೆ.

ಬೆಟ್ಟದ ತಪ್ಪಲು

ಆ ಎಣಿಕೆ ಸೆಕೆಂಡಿಗೊಂದು ಏರುತ್ತಿದ್ದುದಕ್ಕೂ ಕಾರಣವಿದೆ: ಸೆಷನ್ ಏಳುವವರೆಗೆ ಬಿಎಫ್‌ಡಿ 1 ಸೆಕೆಂಡಿಗಿಂತ ಬೇಗ ಪ್ಯಾಕೆಟ್ ಕಳುಹಿಸಬಾರದೆಂಬ ನಿಯಮವಿದೆ. ಎದ್ದ ಮೇಲೆ ತಮ್ಮ 50 ಮಿಲಿಸೆಕೆಂಡ್ ಜಾರಿಗೆ ಬಂದಿದೆ. ಸತತ 150 ಮಿಲಿಸೆಕೆಂಡ್ ಪ್ಯಾಕೆಟ್ ಬಾರದಿದ್ದರೆ ನೆರೆ ಸತ್ತಂತೆಯೇ ಲೆಕ್ಕ. ಬ್ಯಾಕಪ್‌ನಿಂದ ಪ್ಯಾಕೆಟ್‌ಗಳ ಸಾಲು ತುಂಬಿದಾಗಲೂ, ಬಿಎಫ್‌ಡಿಯನ್ನು ಮುಖ್ಯ ಸಿಪಿಯು ನಿಭಾಯಿಸುವ ಸಣ್ಣ ರೌಟರ್‌ಗಳಲ್ಲಿ ಸಿಪಿಯು ಬೇರೆ ಕೆಲಸದಲ್ಲಿ ಮುಳುಗಿದಾಗಲೂ ಅಷ್ಟು ತಡವಾಗುವುದು ಸಹಜ. 300 ಮಿಲಿಸೆಕೆಂಡ್, ಮಲ್ಟಿಪ್ಲೈಯರ್ 3 ಇಡಿ. 900 ಮಿಲಿಸೆಕೆಂಡಿನಲ್ಲಿ ಗೊತ್ತಾದರೆ ಬಿಲ್ಲಿಂಗ್ ಕೌಂಟರಿಗೆ ಧಾರಾಳವಾಯಿತು. ಜೊತೆಗೆ ಬಿಎಫ್‌ಡಿ ಪ್ಯಾಕೆಟ್‌ಗಳು ಬ್ಯಾಕಪ್‌ಗಿಂತ ಮುಂದಿನ ಸಾಲಿನಲ್ಲಿ ಹೋಗುವಂತೆ ಆದ್ಯತೆ ಕೊಡಿ.

ಕಳುಹಿಸುವವನ ಅವಧಿ, ಪಡೆಯುವವನು ತಾಳಬಲ್ಲ ಅವಧಿ, ಇವೆರಡರಲ್ಲಿ ದೊಡ್ಡದೇ ಜಾರಿಗೆ ಬರುವುದರಿಂದ, ಮಂಡ್ಯದಲ್ಲಿ ಎರಡೂ ಅವಧಿಗಳನ್ನು 300 ಮಾಡಿದರೆ ಮೈಸೂರಿನಲ್ಲಿ 50 ಇದ್ದರೂ ಎರಡೂ ದಿಕ್ಕಿನಲ್ಲಿ 300 ಆಗುತ್ತದೆ. ಆದರೂ ಎರಡೂ ಕಡೆ ಬದಲಿಸಿಬಿಡಿ. ನಾಳೆ ತಮ್ಮ ಜಾಗಕ್ಕೆ ಬರುವವರು ಆ 50 ನೋಡಿ ದಾರಿ ತಪ್ಪಬಾರದು. ಹಲೋ ಅವಧಿಗೆ ಈ ಸೌಲಭ್ಯವಿಲ್ಲ: ಓಎಸ್‌ಪಿಎಫ್‌ನಲ್ಲಿ ಎರಡು ತುದಿಯ ಅಂಕಿ ಹೊಂದದಿದ್ದರೆ ನೆರೆಸಂಬಂಧವೇ ಕೂಡುವುದಿಲ್ಲ. ಅದನ್ನು ಮುಟ್ಟದಿರುವುದೇ ಮೇಲು.

ಒಂಟಿಕೊಪ್ಪಲಿನವ

ಎರಡೂ ಕಡೆ 300 ಮಾಡಿ, ಆದ್ಯತೆಯನ್ನೂ ಕೊಟ್ಟಿದ್ದೇನೆ. ಮೂರು ರಾತ್ರಿ ಬ್ಯಾಕಪ್ ಮುಗಿದರೂ ಸೆಷನ್ ಬೀಳಲಿಲ್ಲ. ಇವತ್ತು ಸೇವಾದಾರರು ಮತ್ತೆ ಕೊಂಡಿ ಕಳಚಿದಾಗ ಮೈಸೂರಿನಿಂದ ಬಿಟ್ಟಿದ್ದ ಪಿಂಗ್‌ನಲ್ಲಿ ಎರಡು ಉತ್ತರಗಳು ತಪ್ಪಿ, ಮೂರನೆಯದು ರೇಡಿಯೋ ಲಿಂಕಿನ ಮೇಲೆ ಬಂತು.