ಎಜರೇಟಮ್ ಗುರುತು ಹಿಡಿಯಲು ಸಹಾಯ ಬೇಕು

ನಮಸ್ಕಾರ. ಮೂಡಿಗೆರೆ ಕಡೆ ಕಾಫಿ ತೋಟದ ಬದಿಯಲ್ಲಿ ಈಗ ಎಲ್ಲಿ ನೋಡಿದ್ರೂ ಎಜರೇಟಮ್ ಅನ್ನೋ ಕಳೆಗಿಡ. ಸೂರ್ಯಕಾಂತಿ ಕುಟುಂಬದ್ದೇ, ಆದ್ರೆ ಸುತ್ತ ಎಸಳಿಲ್ಲ, ಬರೀ ಕುಚ್ಚಿನ ಹಾಗಿರೋ ಹೂ. ಇದರಲ್ಲಿ ಒಂದನ್ನೊಂದು ಹೋಲೋ ಎರಡು ಜಾತಿ ಇವೆ, ನಮ್ಮದು ಕೋನಿಜಾಯ್ಡಿಸ್ಸೋ ಹೂಸ್ಟೋನಿಯಾನಮ್ಮೋ ಅನ್ನೋದೇ ತಲೆನೋವು.

ಬಣ್ಣ ನಂಬೋ ಹಾಗಿಲ್ಲ. ಕೋನಿಜಾಯ್ಡಿಸ್‌ನಲ್ಲಿ ಬಿಳಿಯೂ ಬರುತ್ತೆ, ತಿಳಿನೇರಳೆಯೂ ಬರುತ್ತೆ. ಎಲೆ ಉಜ್ಜಿದ್ರೆ ಎರಡೂ ಘಾಟು. ಫೋನಿನ ಆ್ಯಪ್ ಅಂತೂ ಒಂದೇ ಗಿಡಕ್ಕೆ ಫೋಟೊಗೊಂದು ಹೆಸರು ಹೇಳುತ್ತೆ, ಅದನ್ನ ಬಿಟ್ಟೇಬಿಟ್ಟೆ.

ಆಮೇಲೆ ಲೆನ್ಸ್ ಹಿಡಿದು ಹೂಗೊಂಚಲನ್ನ ತಳದಲ್ಲಿ ಸುತ್ತಿರೋ ಹಸಿರು ಪತ್ರಕಗಳನ್ನ ನೋಡಿದೆ. ಕೋನಿಜಾಯ್ಡಿಸ್‌ನಲ್ಲಿ ಅವು ಹೆಚ್ಚುಕಡಿಮೆ ಬೋಳು, ತುದಿ ತಟ್ಟನೆ ಚೂಪಾಗುತ್ತೆ. ಹೂಸ್ಟೋನಿಯಾನಮ್‌ನಲ್ಲಿ ದಟ್ಟ ರೋಮ, ಜೊತೆಗೆ ಅಂಟಂಟು ಗ್ರಂಥಿಗಳು, ತುದಿ ನಿಧಾನಕ್ಕೆ ಸಪೂರ. ಇಲ್ಲೀತನಕ ಸರಿ.

ಸಿಕ್ಕಿಬಿದ್ದಿರೋದು ತೋಡಿನ ಪಕ್ಕದ ಗಿಡಗಳಲ್ಲಿ. ಎಲೆಯ ಬುಡ ಹೂಸ್ಟೋನಿಯಾನಮ್ ಥರ ಹೃದಯದಾಕಾರ, ಆದ್ರೆ ಪತ್ರಕದ ಮೇಲೆ ರೋಮ ಅಲ್ಲೊಂದು ಇಲ್ಲೊಂದು, ಗ್ರಂಥಿ ಕಾಣಲ್ಲ. ಹೂಗೊಂಚಲಿನ ಗಾತ್ರ ನೋಡಿದ್ರೂ ಎರಡರ ನಡುವೆ.

ಹೀಗೆ ಎರಡು ಲಕ್ಷಣ ಎರಡು ಕಡೆ ಎಳೆದಾಗ ಎಲೆ ಬುಡ ನೋಡಿ ಹೆಸರಿಡಬೇಕಾ, ಪತ್ರಕ ನೋಡಿ ಇಡಬೇಕಾ? ಮಲೆನಾಡಲ್ಲಿ ಎರಡನ್ನೂ ಕೈಯಾರೆ ನೋಡಿರೋರು ದಯವಿಟ್ಟು ಹೇಳಿ.