ಘಾಟಿ ಹತ್ತಿದ ಟರ್ಬೊ ಕಾರು ಇಷ್ಟು ಬಿಸಿಯಾಗುವುದೇಕೆ? ಅನುಭವವಿದ್ದವರು ತಿಳಿಸಿ

ತೀರ್ಥಹಳ್ಳಿಯಿಂದ ಪ್ರಶ್ನೆ:

ಹಲವು ವರ್ಷ 1.2 ಲೀಟರಿನ ಸಾಧಾರಣ ಪೆಟ್ರೋಲ್ ಕಾರು ಓಡಿಸಿದ ನಾನು ಈಗ 150 ಅಶ್ವಶಕ್ತಿಯ 1.5 ಲೀಟರ್ ಟರ್ಬೊ ಕಾರು ತೆಗೆದುಕೊಂಡಿದ್ದೇನೆ. ಉಡುಪಿಯಿಂದ ಮರಳುವಾಗ ಸೋಮೇಶ್ವರದಿಂದ ಘಾಟಿ ಹತ್ತಿ ಆಗುಂಬೆಯಲ್ಲಿ ನಿಲ್ಲಿಸಿದರೆ ಬಾನೆಟ್ ಮೇಲೆ ಅಂಗೈ ಇಡಲಾಗುವುದಿಲ್ಲ. ಎಂಜಿನ್ ಬಂದ್ ಮಾಡಿದ ಮೇಲೂ ಫ್ಯಾನ್ ಕೆಲವು ನಿಮಿಷ ಜೋರಾಗಿ ತಿರುಗುತ್ತಲೇ ಇರುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ನಡುಗೆರೆ ದಾಟುವುದಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು, ತಣಿಸುವ ದ್ರವವಾದ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆಸಿಬಿಡಿ ಎನ್ನುತ್ತಾರೆ. ಇದು ದೋಷವೇ? ತೆಗೆಸಬೇಕೇ?

ಶಿವಮೊಗ್ಗದಿಂದ ಉತ್ತರ:

ದಯವಿಟ್ಟು ಥರ್ಮೋಸ್ಟಾಟ್ ತೆಗೆಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ನೀವು ಬರೆದಿರುವುದರಲ್ಲಿ ದೋಷದ ಲಕ್ಷಣ ನನಗೆ ಕಾಣುವುದಿಲ್ಲ. ಮುಳ್ಳು ನಡುವೆಯೇ ನಿಂತಿದ್ದು ಬಾನೆಟ್ ಸುಡುತ್ತಿದ್ದರೆ, ಎಂಜಿನ್ ತನ್ನ ಶಾಖವನ್ನು ಒಳಗೆ ಉಳಿಸಿಕೊಳ್ಳದೆ ಹೊರಗೆ ಹಾಕುತ್ತಿದೆ ಎಂದು ತಿಳಿಯಬೇಕು.

ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದ ಶಕ್ತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರ ಆಸುಪಾಸಿನಷ್ಟನ್ನು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗಿಸುತ್ತದೆ; ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಸೈಲೆನ್ಸರ್ ಮೂಲಕ ಹೊಗೆಯೊಂದಿಗೆ ಹೋಗುತ್ತದೆ, ಇನ್ನರ್ಧ ಕೂಲೆಂಟ್, ಆಯಿಲ್ ಮತ್ತು ಎಂಜಿನ್ನಿನ ಮೈಯಿಂದ ಗಾಳಿಗೆ ಸೇರುತ್ತದೆ. 150 ಅಶ್ವಶಕ್ತಿ ಎಂದರೆ 110 ಕಿಲೋವ್ಯಾಟ್. ಅಷ್ಟನ್ನೂ ಪೂರ್ತಿಯಾಗಿ ಹಿಂಡಿದ ಕ್ಷಣದಲ್ಲಿ ಎಂಜಿನ್ ಸುಮಾರು 250 ಕಿಲೋವ್ಯಾಟ್ ಶಾಖವನ್ನು ಹೊರಹಾಕುತ್ತಿರುತ್ತದೆ. ನಿಮ್ಮ ಹಳೆಯ ಕಾರಿನದು 80 ಅಶ್ವಶಕ್ತಿ ಎಂದು ಹಿಡಿದರೆ ಅದರ ಗರಿಷ್ಠ ಶಾಖ 140 ಕಿಲೋವ್ಯಾಟ್ ಆಸುಪಾಸು. ಅಡಿಕೆ ಬೇಯಿಸುವ ಹಂಡೆ ಬೇಗ ಕುದಿಯಲಿ ಎಂದು ಕಟ್ಟಿಗೆ ಹೆಚ್ಚು ಒಟ್ಟಿದಾಗ ಒಲೆಯ ಬಾಯಿಂದ ಹೊಡೆಯುವ ಝಳವೂ ಹೆಚ್ಚುವಂತೆ, ಬಲಿಷ್ಠ ಎಂಜಿನ್ ಬಿಸಿಯಾಗುವುದು ಅದು ನಿಮಿಷಕ್ಕೆ ಹೆಚ್ಚು ಇಂಧನ ಸುಡಬಲ್ಲದು ಎಂಬ ಕಾರಣಕ್ಕೆ. 2005ರಲ್ಲಿ ಬಂದ 1001 ಅಶ್ವಶಕ್ತಿಯ ಬುಗಾಟಿ ವೇರಾನ್ ಕಾರಿಗೆ ಹತ್ತು ರೇಡಿಯೇಟರ್‌ಗಳನ್ನು ಕೂರಿಸಬೇಕಾಯಿತು.

ಘಾಟಿಯ ಲೆಕ್ಕವನ್ನೂ ಹಾಕಿ ನೋಡಬಹುದು. ಒಂದೂವರೆ ಟನ್ ತೂಕದ ಕಾರು 500 ಮೀಟರ್ ಎತ್ತರ ಏರಲು ಸುಮಾರು 75 ಲಕ್ಷ ಜೂಲ್ ಕೆಲಸ ಬೇಕು. ಅದಕ್ಕಾಗಿ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲ್ ಉರಿದು, ಒಂದೂಮುಕ್ಕಾಲು ಕೋಟಿ ಜೂಲ್ ಶಾಖವಾಗಿ ಹೋಗುತ್ತದೆ. ರಸ್ತೆ ಮತ್ತು ಗಾಳಿಯ ತಡೆಯನ್ನು ಇದರಲ್ಲಿ ಸೇರಿಸಿಲ್ಲ. ಈ ಮೊತ್ತ ನಿಮ್ಮ ಹಳೆಯ ಕಾರಿಗೂ ಹೊಸ ಕಾರಿಗೂ ಬಹಳ ಬೇರೆಯಲ್ಲ. ವ್ಯತ್ಯಾಸವಿರುವುದು ಹೊತ್ತಿನಲ್ಲಿ. ಇಪ್ಪತ್ತು ನಿಮಿಷದಲ್ಲಿ ಹತ್ತಿದರೆ ಆ ಶಾಖ 15 ಕಿಲೋವ್ಯಾಟ್ ದರದಲ್ಲಿ ಹೊರಬೀಳುತ್ತದೆ, ಅರ್ಧ ಹೊತ್ತಿನಲ್ಲಿ ಹತ್ತಿದರೆ ಎರಡರಷ್ಟು ದರದಲ್ಲಿ. ಹೊಸ ಕಾರು ಪ್ರತಿ ಹೇರ್‌ಪಿನ್ ತಿರುವಿನ ನಂತರ ಸುಲಭವಾಗಿ ಚಿಮ್ಮುವುದರಿಂದ, ನಮಗರಿವಿಲ್ಲದೆಯೇ ನಾವು ಆಕ್ಸಿಲರೇಟರನ್ನು ಹೆಚ್ಚು ಒತ್ತುತ್ತೇವೆ. ಅದೂ ಗಾಳಿಯ ಹರಿವು ಕಡಿಮೆಯಿರುವ ಎರಡನೆಯ ಗೇರಿನ ವೇಗದಲ್ಲಿ.

ಇನ್ನು ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ. ಸಿಲಿಂಡರಿನಿಂದ ಹೊರಬರುವ ಹೊಗೆಯೇ ಅದರ ಟರ್ಬೈನನ್ನು ತಿರುಗಿಸಬೇಕಾದ್ದರಿಂದ, ಜೋರಾಗಿ ಓಡಿಸುವಾಗ 900 ಡಿಗ್ರಿ ಮುಟ್ಟುವ ಅನಿಲ ಬಾನೆಟ್ಟಿನ ಒಳಗೇ ಇರುವ ಎರಕದ ಗೂಡೊಂದರಲ್ಲಿ ಸುತ್ತಿ ಹೋಗುತ್ತದೆ. ಒಳಗೆಳೆದುಕೊಂಡ ಗಾಳಿಯನ್ನು ಒತ್ತಿದಾಗ ಅದೂ ಬಿಸಿಯಾಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸುವಾಗ ಆ ಶಾಖವನ್ನೂ ಹೊರಗೆ ಬಿಡಲೇಬೇಕು. ಬಿಸಿ ಗಾಳಿಯಿಂದ ಎಂಜಿನ್ ನಾಕ್ ಆಗುವ (ಇಂಧನ ತಾನಾಗಿಯೇ ಸಿಡಿಯುವ) ಸೂಚನೆ ಸಿಕ್ಕರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕಿಡಿಯನ್ನು ತುಸು ತಡಮಾಡುತ್ತದೆ, ಆಗ ಉರಿಯುವ ಕ್ರಿಯೆ ತಡವಾಗಿ ನಡೆದು ಹೊಗೆ ಇನ್ನಷ್ಟು ಬಿಸಿಯಾಗಿ ಹೊರಬರುತ್ತದೆ. ಆರ್‌ಪಿಎಂ ಏರಿದಂತೆ ಪಿಸ್ಟನ್, ಬೇರಿಂಗುಗಳ ಉಜ್ಜಾಟದ ಶಾಖವೂ ಬೆಳೆಯುತ್ತದೆ.

ನಿಲ್ಲಿಸಿದ ಮೇಲೆ ಬಾನೆಟ್ ಇನ್ನೂ ಹೆಚ್ಚು ಸುಡುವುದಕ್ಕೂ ಇದೇ ಕಾರಣ. ಎದುರುಗಾಳಿ ನಿಂತಿತು, ಎಂಜಿನ್ನಿನಿಂದ ತಿರುಗುವ ನೀರಿನ ಪಂಪೂ ನಿಂತಿತು. ಆದರೆ ಕಾದ ಲೋಹದ ಶಾಖ ಎಲ್ಲಿಯೂ ಹೋಗಿಲ್ಲ, ಅದು ನಿಧಾನವಾಗಿ ಮೇಲಕ್ಕೆ ಹಬ್ಬುತ್ತದೆ. ಆ ಹೊತ್ತಿಗೆ ಫ್ಯಾನ್ ತಿರುಗಲಿ ಎಂದೇ ಕಾರು ಮಾಡಿದವರು ವ್ಯವಸ್ಥೆ ಮಾಡಿರುತ್ತಾರೆ, ಕೆಲವು ಟರ್ಬೊ ಕಾರುಗಳಲ್ಲಿ ಒಂದು ಸಣ್ಣ ವಿದ್ಯುತ್ ಪಂಪ್ ಕೂಡ ಕೂಲೆಂಟನ್ನು ತಿರುಗಿಸುತ್ತಿರುತ್ತದೆ. ನೀವು ಮಾಡಬೇಕಾದದ್ದು ಇಷ್ಟೆ: ಘಾಟಿಯ ಕೊನೆಯ ಒಂದೆರಡು ಕಿಲೋಮೀಟರ್ ಹಗುರವಾಗಿ ಓಡಿಸಿ, ಆಗದಿದ್ದರೆ ನಿಲ್ಲಿಸಿದ ಕೂಡಲೇ ಬಂದ್ ಮಾಡದೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಟರ್ಬೊ ಬೇರಿಂಗಿನ ಆಯಿಲ್ ನಿಂತಲ್ಲೇ ಸುಟ್ಟು ಕರಿಕಟ್ಟುವುದು ಇದರಿಂದ ತಪ್ಪುತ್ತದೆ.

ಥರ್ಮೋಸ್ಟಾಟ್ ವಿಷಯ. ಎಂಜಿನ್ ಪೂರ್ಣ ಬಿಸಿಯಾಗಿ ಘಾಟಿ ಹತ್ತುವಾಗ ಅದು ತೆರೆದೇ ಇರುತ್ತದೆ, ಆದ್ದರಿಂದ ತೆಗೆದು ಬಿಸಾಡಿದರೆ ಅಲ್ಲಿ ಸಿಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ. ನಷ್ಟವಾಗುವುದು ಮಳೆಗಾಲದ ಬೆಳಗುಗಳಲ್ಲಿ: ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅದರಲ್ಲಿ ಸ್ವಲ್ಪ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ಈಗಿನ ಕಾರುಗಳಲ್ಲಿ ಮುಳ್ಳು ಸಾಮಾನ್ಯವಾಗಿ ವಿಶಾಲವಾದ ಉಷ್ಣತೆಯ ವ್ಯಾಪ್ತಿಗೆ ನಡುವೆಯೇ ನಿಲ್ಲುತ್ತದೆ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಕಾರಿನ ತಪಾಸಣೆಗೆಂದೇ ಇರುವ ಓಬಿಡಿ ಪೋರ್ಟಿಗೆ ಸಣ್ಣ ರೀಡರ್ ಸಿಕ್ಕಿಸಿ ಕೂಲೆಂಟಿನ ನಿಜವಾದ ಅಂಕಿ ನೋಡಿ. 90ರಿಂದ 105 ಡಿಗ್ರಿಯೊಳಗೆ ಇದ್ದರೆ ಚಿಂತೆಯಿಲ್ಲ. ಒಂದು ವೇಳೆ ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ತೆರೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಬಿಸಿಯಿರುವಾಗ ಕೂಲೆಂಟ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ.

ಹೊಸನಗರದಿಂದ:

ಮೇಲಿನವರು ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ. ಮಲೆನಾಡಿನಲ್ಲಿ ಶಾಖ ಹೊರಹೋಗುವ ದಾರಿಯೇ ಕಟ್ಟಿಕೊಳ್ಳುತ್ತದೆ. ಹುಲಿಕಲ್ ಘಾಟಿಯಲ್ಲಿ ನನ್ನ ಟರ್ಬೊ ಕಾರಿನ ಎಸಿ ತಣಿಯುವುದು ಕಡಿಮೆಯಾಗಿ, ಫ್ಯಾನ್ ಸದಾ ಜೋರಾಗಿ ತಿರುಗತೊಡಗಿದಾಗ, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಮುಂದಿನ ಬಂಪರ್ ಬಿಚ್ಚಿಸಿದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ಅಕೇಶಿಯಾ ಎಲೆ, ಸತ್ತ ಹುಳ ಮತ್ತು ಕೆಮ್ಮಣ್ಣು ಸೇರಿ ಚಾಪೆಯಂತೆ ಒಣಗಿ ಕೂತಿತ್ತು, ಒಂದು ಕಡೆಯಿಂದ ಎಬ್ಬಿಸಿದರೆ ಇಡಿಯಾಗಿ ಕಳಚಿ ಬಂತು. ಹೊರಗಿನಿಂದ ಜಾಲರಿಯಲ್ಲಿ ಇಣುಕಿದರೆ ಏನೂ ಕಾಣುತ್ತಿರಲಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಅದನ್ನು ತೊಳೆಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ಫಿನ್‌ಗಳು ಮಡಚಿಹೋಗುತ್ತವೆ, ಸಾಧಾರಣ ಪೈಪಿನ ನೀರನ್ನು ಹಿಂದಿನಿಂದ ಮುಂದಕ್ಕೆ ಬಿಡಬೇಕು.

ಕೂಲೆಂಟ್ ಕಡಿಮೆಯಾದರೆ ಬಾವಿ ನೀರು ಸುರಿಯುವ ಅಭ್ಯಾಸವನ್ನೂ ಬಿಡಿ. ಅದರಿಂದ ಕುದಿಯುವ ಬಿಂದು ಇಳಿಯುತ್ತದೆ, ತುಕ್ಕು ತಡೆಯುವ ಅಂಶವೂ ತೆಳುವಾಗುತ್ತದೆ. ಮಳೆಗಾಲದ ರಾತ್ರಿ ಬೆಚ್ಚಗಿನ ಎಂಜಿನ್ ಹುಡುಕಿ ಬರುವ ಇಲಿಗಳು ಫ್ಯಾನಿನ ವೈರು, ಹೋಸ್‌ಗಳನ್ನು ಕಡಿಯುವುದುಂಟು. ಅಡಿಕೆ ದಾಸ್ತಾನಿನ ಪಕ್ಕ ಕಾರು ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡಬೇಕು.

ಕೊಪ್ಪದಿಂದ:

ಬೇಸಿಗೆಯಲ್ಲಿ ಘಾಟಿ ಹತ್ತಿ ಬಂದ ಕಾರನ್ನು ನೇರವಾಗಿ ತರಗೆಲೆಯ ಮೇಲೆ ನಿಲ್ಲಿಸಬೇಡಿ. ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಬಿಸಿಯಲ್ಲೇ ಕೆಲಸ ಮಾಡುತ್ತದೆ, ಕಾರಿನ ಹೊಟ್ಟೆಯ ಕೆಳಗೆ ಒಣಹುಲ್ಲು ತಾಗಿದರೆ ಬೆಂಕಿ ಹಿಡಿಯಬಹುದು. ಸೊಪ್ಪಿನಬೆಟ್ಟದ ಅಂಚಿನಲ್ಲಿ ನಿಲ್ಲಿಸಲೇಬೇಕಾದರೆ ಕಾಲಿನಿಂದ ಎಲೆ ಸರಿಸಿ, ಬರಿ ನೆಲ ಕಂಡ ಮೇಲೆ ನಿಲ್ಲಿಸಿ. ಫ್ಯಾನ್ ಪೂರ್ತಿ ನಿಂತು ಬಾನೆಟ್ ಕೈಗೆ ಬೆಚ್ಚಗಾಗುವವರೆಗೆ ಕಾರಿಗೆ ಕವರ್ ಹಾಕಬೇಡಿ.